ಚುನಾವಣಾಪೂರ್ವ ಸಮೀಕ್ಷೆ ಮತ್ತು ಮತದಾರರ ನಿರಾಸಕ್ತಿ: ಮಸ್ಕಿ–ತುರ್ವಿಹಾಳ ಪ್ರದೇಶ

ಚುನಾವಣಾಪೂರ್ವ ಜನಾಭಿಪ್ರಾಯ ಸಮೀಕ್ಷೆ ಎಂದರೆ ಮತದಾನಕ್ಕೆ ಮುನ್ನ ಆಯ್ದ ಕೆಲವು ಮತದಾರರನ್ನು ಪ್ರಶ್ನಿಸಿ, ಅವರ ಉತ್ತರಗಳ ಆಧಾರದಿಂದ ಇಡೀ ಮತದಾರ ಸಮೂಹದ ಒಲವನ್ನು ಅಂದಾಜು ಮಾಡುವ ವಿಧಾನ. ಮತ ಚಲಾಯಿಸಿ ಹೊರಬಂದವರನ್ನು ಕೇಳಿ ಸಿದ್ಧಪಡಿಸುವುದು ಮತಗಟ್ಟೆ ಸಮೀಕ್ಷೆ. ಇವೆರಡೂ ಬೇರೆ ಬೇರೆ. ಪತ್ರಿಕೆಗಳಲ್ಲಿಯೂ ಇವನ್ನು ಒಂದೇ ಎಂಬಂತೆ ಬಳಸುವುದುಂಟು. ಮತದಾರರ ನಿರಾಸಕ್ತಿ ಎಂಬುದು ಹಕ್ಕು ಇದ್ದೂ ಮತಗಟ್ಟೆಗೆ ಹೋಗದಿರುವ ಪ್ರವೃತ್ತಿಗೆ ರೂಢಿಯಲ್ಲಿರುವ ಹೆಸರು. ಸಮೀಕ್ಷೆಯು ಉತ್ತರಿಸಿದವರನ್ನು ಎಣಿಸುತ್ತದೆ, ಚುನಾವಣೆಯು ಬಂದವರನ್ನು ಎಣಿಸುತ್ತದೆ. ಉತ್ತರಿಸಿಯೂ ಬಾರದವರು, ಉತ್ತರಿಸದೆಯೂ ಬಂದವರು ಎಷ್ಟು ಜನ ಎಂಬುದರ ಮೇಲೆ ಸಮೀಕ್ಷೆಯ ಸೋಲು ಗೆಲುವು ನಿಂತಿದೆ. ರಾಯಚೂರು ಜಿಲ್ಲೆಯ ಮಸ್ಕಿ ವಿಧಾನಸಭಾ ಕ್ಷೇತ್ರ ಮತ್ತು ಅದಕ್ಕೆ ಸೇರಿದ ತುರ್ವಿಹಾಳ ಭಾಗದಲ್ಲಿ 2018ರಿಂದ 2023ರವರೆಗೆ ನಡೆದ ಮೂರು ಚುನಾವಣೆಗಳು ಈ ಸಂಬಂಧವನ್ನು ಅರಿಯಲು ಒಳ್ಳೆಯ ನಿದರ್ಶನಗಳಾಗಿವೆ.

ಪ್ರದೇಶ ಮತ್ತು ಕ್ಷೇತ್ರ

ತುರ್ವಿಹಾಳವು ಸಿಂಧನೂರು ತಾಲ್ಲೂಕಿನ ಒಂದು ಪಟ್ಟಣ. ಕಂದಾಯದ ಲೆಕ್ಕದಲ್ಲಿ ಸಿಂಧನೂರಿಗೆ ಸೇರಿದರೂ ವಿಧಾನಸಭೆಯ ಲೆಕ್ಕದಲ್ಲಿ ಇದು ಮಸ್ಕಿ ಕ್ಷೇತ್ರಕ್ಕೆ ಸೇರುತ್ತದೆ. ಮಸ್ಕಿ ಕ್ಷೇತ್ರವು ಕ್ಷೇತ್ರ ಪುನರ್ವಿಂಗಡಣೆಯ ನಂತರ 2008ರ ಚುನಾವಣೆಯೊಂದಿಗೆ ಅಸ್ತಿತ್ವಕ್ಕೆ ಬಂದಿತು. ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ಲೋಕಸಭೆಗೆ ಬಂದರೆ ಮಸ್ಕಿ ಮತ್ತು ಸಿಂಧನೂರು ಕ್ಷೇತ್ರಗಳು ಕೊಪ್ಪಳಕ್ಕೂ, ಪಕ್ಕದ ಲಿಂಗಸುಗೂರು ರಾಯಚೂರಿಗೂ ಸೇರುತ್ತವೆ. ಹೀಗೆ ತಾಲ್ಲೂಕು ಒಂದು, ವಿಧಾನಸಭಾ ಕ್ಷೇತ್ರ ಇನ್ನೊಂದು, ಲೋಕಸಭಾ ಕ್ಷೇತ್ರ ಬೇರೆ ಜಿಲ್ಲೆಯ ಹೆಸರಿನದು ಎಂಬ ಸ್ಥಿತಿ ಇರುವುದರಿಂದ, ‘ರಾಯಚೂರು ಜಿಲ್ಲೆಯ ಒಲವು’ ಎಂದು ದೂರದರ್ಶನ ವಾಹಿನಿಗಳು ತೋರಿಸುವ ಅಂಕಿಯು ತುರ್ವಿಹಾಳದ ಮತದಾರನಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಮೊದಲಿಗೇ ಏಳುವ ಪ್ರಶ್ನೆ.

ನೆಲದ ಸ್ವರೂಪವೂ ಒಂದೇ ಬಗೆಯದಲ್ಲ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ಭತ್ತ ಬೆಳೆಯುತ್ತದೆ. ನಾಲೆಯ ಕೊನೆಯ ಭಾಗದ ರೈತರಿಗೆ ನೀರು ತಲುಪುವುದೇ ಪ್ರತಿವರ್ಷದ ಚಿಂತೆ. ಮಸ್ಕಿ, ಲಿಂಗಸುಗೂರು ಕಡೆಗೆ ಸರಿದಂತೆ ಮಳೆಯಾಶ್ರಿತ ಎರೆ ಮತ್ತು ಮಸಾರಿ ಭೂಮಿ ಹೆಚ್ಚು. ನೀರಾವರಿ ಬಂದ ಕಾಲದಲ್ಲಿ ಆಂಧ್ರದಿಂದ ವಲಸೆ ಬಂದು ನೆಲೆಸಿದವರ ಕ್ಯಾಂಪುಗಳು, ಪೂರ್ವ ಬಂಗಾಳದ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಕಲ್ಪಿಸಿದ ಪುನರ್ವಸತಿ ಕ್ಯಾಂಪುಗಳು, ಲಂಬಾಣಿ ತಾಂಡಾಗಳು, ಇವೆಲ್ಲ ಈ ಮೂರು ತಾಲ್ಲೂಕುಗಳಲ್ಲಿ ಹರಡಿಕೊಂಡಿವೆ. ಕನ್ನಡದ ಪ್ರಶ್ನಾವಳಿಯೊಂದನ್ನೇ ಹಿಡಿದು ಹೊರಟ ಸಮೀಕ್ಷಕನು ಒಂದೇ ದಿನದಲ್ಲಿ ತೆಲುಗು, ಲಂಬಾಣಿ, ಬಂಗಾಳಿ, ಉರ್ದು ಮಾತನಾಡುವ ಮನೆಗಳನ್ನು ದಾಟಬೇಕಾಗುತ್ತದೆ.

ಸಮೀಕ್ಷೆ ನಡೆಯುವ ಬಗೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎಂಬ ಮಾತಿದೆ. ಮಾದರಿ ಸಮೀಕ್ಷೆಯ ತತ್ತ್ವವೂ ಅದೇ. ಆದರೆ ಒಂದೇ ಪಾತ್ರೆಯ, ಒಂದೇ ಉರಿಯ ಅನ್ನಕ್ಕೆ ಮಾತ್ರ ಆ ಮಾತು ಸಲ್ಲುತ್ತದೆ. ಊರು, ಜಾತಿ, ಲಿಂಗ, ವಯಸ್ಸು, ನೀರಾವರಿ ಮತ್ತು ಒಣಭೂಮಿ ಎಂದು ಹಲವು ಪಾತ್ರೆಗಳು ಬೇರೆ ಬೇರೆ ಒಲೆಗಳ ಮೇಲಿರುವಾಗ ಪ್ರತಿಯೊಂದರಿಂದಲೂ ಅಗುಳು ತೆಗೆಯಬೇಕು. ಇದಕ್ಕಾಗಿಯೇ ಶಾಸ್ತ್ರೀಯವಾಗಿ ನಡೆಯುವ ಸಮೀಕ್ಷೆಗಳಲ್ಲಿ ಮೊದಲು ಕ್ಷೇತ್ರಗಳನ್ನೂ, ಅವುಗಳೊಳಗೆ ಮತಗಟ್ಟೆಗಳನ್ನೂ ಯಾದೃಚ್ಛಿಕವಾಗಿ ಆಯ್ದು, ಕೊನೆಗೆ ಮತದಾರರ ಪಟ್ಟಿಯಿಂದ ನಿಗದಿತ ಅಂತರದಲ್ಲಿ ಹೆಸರುಗಳನ್ನು ಆರಿಸುತ್ತಾರೆ. ದಾರಿಯಲ್ಲಿ ಸಿಕ್ಕವರನ್ನು ಕೇಳುವುದು, ಬಸ್ ನಿಲ್ದಾಣದಲ್ಲಿ ಕ್ಯಾಮೆರಾ ಮುಂದೆ ಮಾತನಾಡಿಸುವುದು ಸಮೀಕ್ಷೆಯಾಗುವುದಿಲ್ಲ.

ಸರಿಯಾಗಿ ಆಯ್ದ 1,000 ಜನರ ಮಾದರಿಯಲ್ಲಿ ದೋಷದ ಅಂತರ ಸುಮಾರು ಶೇ 3ರಷ್ಟು ಹೆಚ್ಚು ಅಥವಾ ಕಡಿಮೆ ಇರುತ್ತದೆ. ಅಂದರೆ ಒಂದು ಪಕ್ಷಕ್ಕೆ ಶೇ 40 ಎಂದು ಬಂದರೆ ನಿಜವಾದ ಪ್ರಮಾಣ 37ರಿಂದ 43ರ ನಡುವೆ ಎಲ್ಲಿಯಾದರೂ ಇರಬಹುದು. ಈ ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಯನ್ನು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚಿಸಬೇಕು. ವಿದ್ಯಾರ್ಥಿಗಳು ಇಲ್ಲಿ ಒಂದು ಸರಳ ಲೆಕ್ಕ ಮಾಡಿ ನೋಡಬಹುದು. ರಾಜ್ಯದಾದ್ಯಂತ 5,000 ಜನರನ್ನು ಕೇಳಿದ ಸಮೀಕ್ಷೆಯನ್ನು 224 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರವೊಂದಕ್ಕೆ ಬರುವುದು ಸುಮಾರು 22 ಜನ. ವಾಸ್ತವದಲ್ಲಿ ಎಲ್ಲ ಕ್ಷೇತ್ರಗಳಿಗೂ ಹೋಗುವುದಿಲ್ಲವಾದ್ದರಿಂದ ಎಷ್ಟೋ ಕ್ಷೇತ್ರಗಳಿಂದ ಒಬ್ಬರನ್ನೂ ಕೇಳಿರುವುದಿಲ್ಲ. ಹೀಗಿದ್ದೂ ‘ಮಸ್ಕಿಯಲ್ಲಿ ಇಂಥವರಿಗೆ ಮುನ್ನಡೆ’ ಎಂದು ಪರದೆಯ ಮೇಲೆ ಕಾಣಿಸುವ ಸಾಲು ರಾಜ್ಯಮಟ್ಟದ ಅಂದಾಜನ್ನು ಹಿಂದಿನ ಚುನಾವಣೆಯ ಅಂಕಿಗೆ ಕೂಡಿಸಿ ತೆಗೆದದ್ದೇ ಹೊರತು ಮಸ್ಕಿಯ ಜನರ ಬಾಯಿಂದ ಬಂದದ್ದಲ್ಲ.

ಶೇಕಡಾವಾರು ಮತವನ್ನು ಸ್ಥಾನಗಳಾಗಿ ಪರಿವರ್ತಿಸುವುದು ಇನ್ನೂ ಕಷ್ಟದ ಹೆಜ್ಜೆ. ನಮ್ಮಲ್ಲಿ ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುವ ಪದ್ಧತಿ ಇರುವುದರಿಂದ ರಾಜ್ಯದಲ್ಲಿ ಹೆಚ್ಚು ಮತ ಗಳಿಸಿದ ಪಕ್ಷ ಕಡಿಮೆ ಸ್ಥಾನ ಪಡೆಯುವುದು ಸಾಧ್ಯ. 2018ರಲ್ಲಿ ಕರ್ನಾಟಕದಲ್ಲಿ ಆದದ್ದು ಅದೇ. ಕಾಂಗ್ರೆಸ್ಸಿನ ಮತ ಪ್ರಮಾಣ ಭಾರತೀಯ ಜನತಾ ಪಕ್ಷದ ಪ್ರಮಾಣಕ್ಕಿಂತ ಹೆಚ್ಚಿತ್ತು, ಆದರೆ ಹೆಚ್ಚು ಸ್ಥಾನ ಬಂದದ್ದು ಭಾಜಪಕ್ಕೆ.

ಉತ್ತರದ ಪ್ರಾಮಾಣಿಕತೆಯ ಪ್ರಶ್ನೆಯೂ ಇದೆ. ಹಳ್ಳಿಯ ಮನೆಯೊಂದರ ಜಗುಲಿಯ ಮೇಲೆ ಅಪರಿಚಿತನೊಬ್ಬ ಕುಳಿತು ‘ಯಾರಿಗೆ ಹಾಕುತ್ತೀರಿ’ ಎಂದು ಕೇಳಿದಾಗ ಸುತ್ತ ನಾಲ್ಕು ಜನ ಸೇರುವುದು ಸಹಜ. ಊರಿನ ಹಿರಿಯರ ಎದುರು, ಕೂಲಿ ಕೊಡುವ ಧಣಿಯ ಎದುರು, ಗಂಡನ ಎದುರು ಬರುವ ಉತ್ತರವು ಗುಪ್ತ ಮತದಾನದ ಉತ್ತರವೇ ಆಗಿರಬೇಕೆಂದಿಲ್ಲ. ಇದನ್ನು ನಿವಾರಿಸಲು ಕೆಲವು ಸಂಸ್ಥೆಗಳು ಚಿಹ್ನೆಗಳಿರುವ ಅಣಕು ಮತಪತ್ರವನ್ನು ಕೊಟ್ಟು, ಗುರುತು ಹಾಕಿ ಪೆಟ್ಟಿಗೆಗೆ ಹಾಕುವಂತೆ ಕೇಳುತ್ತವೆ. ‘ಈ ಸಲ ಮತ ಹಾಕುತ್ತೀರಾ’ ಎಂಬ ಪ್ರಶ್ನೆಗೆ ಇಂಥ ಉಪಾಯವೂ ಇಲ್ಲ. ಹಾಕುವುದಿಲ್ಲ ಎಂದು ಹೇಳಲು ಸಂಕೋಚಪಡುವ ಜನ ಎಲ್ಲ ದೇಶಗಳಲ್ಲೂ ಇರುವುದರಿಂದ ಹಾಕುತ್ತೇವೆ ಎಂದವರ ಪ್ರಮಾಣವು ಸಾಮಾನ್ಯವಾಗಿ ನಿಜವಾದ ಮತದಾನದ ಪ್ರಮಾಣಕ್ಕಿಂತ ಮೇಲಿರುತ್ತದೆ.

ಹಿನ್ನೆಲೆ

ಜನಾಭಿಪ್ರಾಯ ಸಮೀಕ್ಷೆಯ ಚರಿತ್ರೆಯಲ್ಲಿ ಪದೇ ಪದೇ ಉಲ್ಲೇಖಗೊಳ್ಳುವುದು 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆ ಮೂಲಕ ಮತಪತ್ರ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ಫ್ರಾಂಕ್ಲಿನ್ ರೂಸ್ವೆಲ್ಟ್, ಅದೂ ಭಾರಿ ಬಹುಮತದಿಂದ. ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ವಿಳಾಸ ತೆಗೆದದ್ದು ಒಂದು ತಪ್ಪು. ಉತ್ತರ ಬರೆಯುವಷ್ಟು ಉತ್ಸಾಹ ಇದ್ದವರು ಮಾತ್ರ ಬರೆದದ್ದು ಇನ್ನೊಂದು. ಅವರಿಗಿಂತ ಬಹಳ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದರು. ಆ ಗ್ಯಾಲಪ್ ಅವರೇ 1948ರಲ್ಲಿ ಹ್ಯಾರಿ ಟ್ರೂಮನ್ ಸೋಲುತ್ತಾರೆಂದು ಹೇಳಿ ಎಡವಿದರು. ಮತದಾನಕ್ಕೆ ಕೆಲವು ವಾರ ಮೊದಲೇ ಪ್ರಶ್ನಿಸುವುದನ್ನು ನಿಲ್ಲಿಸಿದ್ದು ಅದಕ್ಕೆ ಒಂದು ಕಾರಣವಾಗಿತ್ತು.

ಭಾರತದಲ್ಲಿ 1950ರ ದಶಕದಲ್ಲಿ ಎರಿಕ್ ಡ ಕೋಸ್ಟಾ ಅವರು ಸ್ಥಾಪಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಒಪಿನಿಯನ್ ಈ ಕ್ಷೇತ್ರದ ಮೊದಲ ಪ್ರಯತ್ನ. 1963ರಲ್ಲಿ ರಜನಿ ಕೊಠಾರಿಯವರು ದೆಹಲಿಯಲ್ಲಿ ಆರಂಭಿಸಿದ ಅಭಿವೃದ್ಧಿಶೀಲ ಸಮಾಜಗಳ ಅಧ್ಯಯನ ಕೇಂದ್ರವು 1967ರಲ್ಲಿ ರಾಷ್ಟ್ರೀಯ ಚುನಾವಣಾ ಅಧ್ಯಯನ ನಡೆಸಿತು; ಅದರ ‘ಲೋಕನೀತಿ’ ವಿಭಾಗ 1997ರಿಂದ ಈ ಕೆಲಸವನ್ನು ಮುಂದುವರಿಸಿದೆ. 1980ರ ದಶಕದಲ್ಲಿ ಪ್ರಣಯ್ ರಾಯ್ ಅವರ ಮೂಲಕ ಸಮೀಕ್ಷೆ ನಿಯತಕಾಲಿಕೆಗಳಿಗೂ, ಖಾಸಗಿ ವಾಹಿನಿಗಳು ಬಂದ ಮೇಲೆ ಮನೆಮನೆಗೂ ತಲುಪಿತು. 2004ರಲ್ಲಿ ಬಹುತೇಕ ಸಮೀಕ್ಷೆಗಳು ವಾಜಪೇಯಿ ಸರ್ಕಾರ ಮರಳುತ್ತದೆ ಎಂದಿದ್ದವು, ಮರಳಲಿಲ್ಲ. 2024ರಲ್ಲಿ ಎನ್‌ಡಿಎ ಮೈತ್ರಿಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನ ಎಂದು ಹಲವು ಮತಗಟ್ಟೆ ಸಮೀಕ್ಷೆಗಳು ಹೇಳಿದವು; ಬಂದದ್ದು 293.

ಕರ್ನಾಟಕದ ಅನುಭವ

ಕರ್ನಾಟಕದ ಮಟ್ಟಿಗೆ 2023ರ ವಿಧಾನಸಭಾ ಚುನಾವಣೆ ಗಮನಾರ್ಹ. ಮೇ 10ರಂದು ಮತದಾನವಾಗಿ ಮೇ 13ರಂದು ಫಲಿತಾಂಶ ಬಂದಾಗ ಕಾಂಗ್ರೆಸ್ 135, ಭಾಜಪ 66, ಜಾತ್ಯತೀತ ಜನತಾದಳ 19 ಸ್ಥಾನ ಪಡೆದಿದ್ದವು. ಹಲವು ರಾಷ್ಟ್ರೀಯ ವಾಹಿನಿಗಳ ಸಮೀಕ್ಷೆಗಳು ಅತಂತ್ರ ವಿಧಾನಸಭೆಯ ಕಡೆ ವಾಲಿದ್ದವು. ಕನ್ನಡದ ಡಿಜಿಟಲ್ ಮಾಧ್ಯಮ ‘ಈದಿನ’ ಚುನಾವಣೆಗೆ ಮೊದಲೇ ಪ್ರಕಟಿಸಿದ ಸಮೀಕ್ಷೆ ಮಾತ್ರ ಕಾಂಗ್ರೆಸ್ಸಿಗೆ 132ರಿಂದ 140, ಭಾಜಪಕ್ಕೆ 57ರಿಂದ 65, ದಳಕ್ಕೆ 19ರಿಂದ 25 ಎಂದು ಅಂದಾಜಿಸಿತ್ತು. ಅದಕ್ಕಾಗಿ 41 ಸಾವಿರಕ್ಕೂ ಹೆಚ್ಚು ಮತದಾರರನ್ನು ಮಾತನಾಡಿಸಲಾಗಿತ್ತು. ದೂರವಾಣಿ ಕರೆಗಳ ಬದಲಿಗೆ ಸ್ಥಳೀಯರೇ ಮನೆಗಳಿಗೆ ಹೋಗಿ ಕೇಳಿದ್ದು ಈ ನಿಖರತೆಗೆ ಕಾರಣವಾಗಿರಬಹುದು. ಒಂದು ಸಲ ಸರಿಯಾದ ವಿಧಾನ ಪ್ರತಿ ಸಲವೂ ಸರಿಯಾಗಬೇಕೆಂದೇನೂ ಇಲ್ಲ; ಆದರೂ ಭಾಷೆ ಬಲ್ಲವನು ಬಾಗಿಲಲ್ಲಿ ನಿಂತು ಕೇಳುವುದಕ್ಕೂ ಧ್ವನಿಮುದ್ರಿತ ಕರೆಯಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವುದಕ್ಕೂ ವ್ಯತ್ಯಾಸವಿದೆ.

ಕಲ್ಯಾಣ ಕರ್ನಾಟಕದ ಐದು ಲೋಕಸಭಾ ಕ್ಷೇತ್ರಗಳಾದ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿಗಳನ್ನು 2019ರಲ್ಲಿ ಭಾಜಪ ಪೂರ್ಣವಾಗಿ ಗೆದ್ದಿತ್ತು. 2024ರಲ್ಲಿ ಅವೇ ಐದನ್ನೂ ಕಾಂಗ್ರೆಸ್ ಗೆದ್ದಿತು. ಇಷ್ಟು ದೊಡ್ಡ ಪಲ್ಲಟವನ್ನು 2024ರ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಹೆಚ್ಚಿನವು ಗುರುತಿಸಲಿಲ್ಲ.

ಮಸ್ಕಿ: ಇಬ್ಬರು ಅಭ್ಯರ್ಥಿಗಳು, ಮೂರು ಚುನಾವಣೆಗಳು

2018ರ ಮೇ ತಿಂಗಳ ಚುನಾವಣೆಯಲ್ಲಿ ಮಸ್ಕಿಯಿಂದ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು 60,387 ಮತ ಪಡೆದು, 60,174 ಮತ ಪಡೆದ ಭಾಜಪದ ಬಸನಗೌಡ ತುರ್ವಿಹಾಳ ಅವರನ್ನು 213 ಮತಗಳ ಅಂತರದಿಂದ ಸೋಲಿಸಿದರು. ಪಾಟೀಲರು 2008ರಲ್ಲಿ ಭಾಜಪದಿಂದ, 2013ರಲ್ಲಿ ಕಾಂಗ್ರೆಸ್ಸಿನಿಂದ ಇದೇ ಕ್ಷೇತ್ರವನ್ನು ಗೆದ್ದವರು. ಇಬ್ಬರ ಒಟ್ಟು ಮತಗಳಲ್ಲಿ ಈ ಅಂತರ ಶೇ 0.18ರಷ್ಟು ಮಾತ್ರ. ಇಷ್ಟು ಸಣ್ಣ ವ್ಯತ್ಯಾಸವನ್ನು ಮಾದರಿ ಸಮೀಕ್ಷೆಯಿಂದ ಖಚಿತವಾಗಿ ಹಿಡಿಯಬೇಕಾದರೆ ಸಾಮಾನ್ಯ ಸೂತ್ರದ ಪ್ರಕಾರ 10 ಲಕ್ಷಕ್ಕೂ ಹೆಚ್ಚು ಜನರನ್ನು ಕೇಳಬೇಕು. ಕ್ಷೇತ್ರದ ಮತದಾರರೇ ಸುಮಾರು 2 ಲಕ್ಷ. ಅಂದರೆ ಹೆಚ್ಚುಕಡಿಮೆ ಎಲ್ಲರನ್ನೂ ಕೇಳಬೇಕಾಗುತ್ತದೆ, ಹಾಗೆ ಕೇಳುವುದಕ್ಕೆ ಚುನಾವಣೆ ಎಂದೇ ಹೆಸರು. ಆ ವರ್ಷ ಮತ ಹಾಕದೆ ಉಳಿದವರ ಸಂಖ್ಯೆಯಾದರೋ ಹತ್ತಾರು ಸಾವಿರ. ಅವರಲ್ಲಿ ಒಂದು ತಾಂಡಾದಷ್ಟು ಜನ ಬಂದಿದ್ದರೂ ಫಲಿತಾಂಶ ಯಾವ ಕಡೆಗೆ ಬೇಕಾದರೂ ಹೊರಳಬಹುದಿತ್ತು.

ಈ ಫಲಿತಾಂಶವನ್ನು ಪ್ರಶ್ನಿಸಿ ತುರ್ವಿಹಾಳ ಅವರು ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹೂಡಿದರು. 2019ರ ಜುಲೈನಲ್ಲಿ ಅಂದಿನ ಸಮ್ಮಿಶ್ರ ಸರ್ಕಾರದ ವಿರುದ್ಧ ರಾಜೀನಾಮೆ ನೀಡಿ ಅನರ್ಹಗೊಂಡ 17 ಶಾಸಕರಲ್ಲಿ ಪಾಟೀಲರೂ ಒಬ್ಬರು. ಉಳಿದ 15 ಕ್ಷೇತ್ರಗಳಿಗೆ ಅದೇ ಡಿಸೆಂಬರಿನಲ್ಲಿ ಉಪಚುನಾವಣೆ ನಡೆಯಿತು. ತಕರಾರು ಅರ್ಜಿಗಳು ಬಾಕಿ ಇದ್ದ ಕಾರಣ ಮಸ್ಕಿ ಮತ್ತು ರಾಜರಾಜೇಶ್ವರಿನಗರ ಹೊರಗುಳಿದವು. ರಾಜರಾಜೇಶ್ವರಿನಗರಕ್ಕೆ 2020ರ ನವೆಂಬರಿನಲ್ಲಿ ಮತದಾನವಾದರೆ ಮಸ್ಕಿಗೆ ಆದದ್ದು 2021ರ ಏಪ್ರಿಲ್ 17ರಂದು. ಹೆಚ್ಚುಕಡಿಮೆ ಎರಡು ವರ್ಷ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಬರ, ನೆರೆ, ಕೊರೊನಾ ಎಲ್ಲವೂ ಆ ಅವಧಿಯಲ್ಲೇ ಬಂದು ಹೋದವು.

ಉಪಚುನಾವಣೆಯ ಹೊತ್ತಿಗೆ ಇಬ್ಬರೂ ಪಕ್ಷ ಬದಲಿಸಿದ್ದರು. ಪಾಟೀಲರು ಆಡಳಿತಾರೂಢ ಭಾಜಪದ ಅಭ್ಯರ್ಥಿ, ತುರ್ವಿಹಾಳ ಅವರು ಕಾಂಗ್ರೆಸ್ಸಿನ ಅಭ್ಯರ್ಥಿ. ಕೃಷ್ಣರಾಜಪೇಟೆ ಮತ್ತು ಶಿರಾ ಉಪಚುನಾವಣೆಗಳಲ್ಲಿ ಭಾಜಪ ಗೆದ್ದಿದ್ದ ಬಲದಿಂದ ಮಸ್ಕಿಯೂ ಆ ಪಕ್ಷಕ್ಕೇ ಎಂಬ ನಿರೀಕ್ಷೆ ರಾಜಧಾನಿಯಲ್ಲಿ ಪ್ರಬಲವಾಗಿತ್ತು. ಮೇ 2ರಂದು ಎಣಿಕೆಯಾದಾಗ ತುರ್ವಿಹಾಳ ಅವರಿಗೆ 86,337, ಪಾಟೀಲರಿಗೆ 55,731 ಮತ ಬಂದು, 213ರ ಅಂತರ 30,606ಕ್ಕೆ ಏರಿ ಮತ್ತೊಂದು ಕಡೆಗೆ ತಿರುಗಿತ್ತು. 2023ರ ಚುನಾವಣೆಯಲ್ಲಿ ಅವರಿಬ್ಬರೇ ಮತ್ತೆ ಎದುರಾದರು. ತುರ್ವಿಹಾಳ 79,566, ಪಾಟೀಲ 66,513.

ಈ ಅಂಕಿಗಳನ್ನು ಪಕ್ಷದ ಪ್ರಕಾರ ಓದಿದರೆ ಒಂದು ಚಿತ್ರ, ವ್ಯಕ್ತಿಯ ಪ್ರಕಾರ ಓದಿದರೆ ಇನ್ನೊಂದು ಚಿತ್ರ ಕಾಣುತ್ತದೆ. ಪಕ್ಷದ ಲೆಕ್ಕದಲ್ಲಿ 2018 ಮತ್ತು 2021ರ ನಡುವೆ ಕಾಂಗ್ರೆಸ್ 25,950 ಮತ ಹೆಚ್ಚಿಸಿಕೊಂಡಿತು, ಭಾಜಪ 4,443 ಕಳೆದುಕೊಂಡಿತು. ವ್ಯಕ್ತಿಯ ಲೆಕ್ಕದಲ್ಲಿ ಪಾಟೀಲರ ಮತ 4,656ರಷ್ಟು ಕುಸಿಯಿತು, ತುರ್ವಿಹಾಳ ಅವರದು 26,163ರಷ್ಟು ಏರಿತು. ಅಂಕಿಗಳು ಹತ್ತಿರ ಹತ್ತಿರ ಇದ್ದರೂ ಅರ್ಥ ಬೇರೆ. ‘ಕಳೆದ ಸಲ ಯಾವ ಪಕ್ಷಕ್ಕೆ ಹಾಕಿದಿರಿ, ಈ ಸಲ ಯಾವ ಪಕ್ಷಕ್ಕೆ’ ಎಂಬ ಎರಡು ಪ್ರಶ್ನೆಗಳನ್ನು ಆಧಾರವಾಗಿಟ್ಟುಕೊಂಡ ಯಾವ ಸಮೀಕ್ಷೆಯೂ ಇಲ್ಲಿ ದಾರಿ ತಪ್ಪುತ್ತಿತ್ತು. ಒಬ್ಬನೇ ಮನುಷ್ಯನಿಗೆ ನಿಷ್ಠನಾಗಿ ಉಳಿದ ಮತದಾರನು ಅದರ ದಾಖಲೆಯಲ್ಲಿ ಪಕ್ಷ ಬದಲಿಸಿದವನಾಗಿಯೂ, ಪಕ್ಷಕ್ಕೆ ನಿಷ್ಠನಾಗಿ ಉಳಿದವನು ಹಳೆಯ ಎದುರಾಳಿಗೆ ಮತ ಕೊಟ್ಟವನಾಗಿಯೂ ಬರುತ್ತಾನೆ.

ಸಮೀಕ್ಷೆಯಿಂದ ಮತದಾನದ ಮೇಲೆ ಆಗುವ ಪರಿಣಾಮ

ಗೆಲ್ಲುವವರು ಯಾರೆಂದು ಮೊದಲೇ ತಿಳಿದರೆ ಜನ ಎರಡು ಬಗೆಯಲ್ಲಿ ವರ್ತಿಸಬಹುದು ಎನ್ನುತ್ತಾರೆ. ಗೆಲ್ಲುವ ಕುದುರೆಯ ಬಾಲ ಹಿಡಿಯುವುದು ಒಂದು. ಸೋಲುವವರ ಮೇಲೆ ಕನಿಕರ ಮೂಡುವುದು ಇನ್ನೊಂದು. ನಿರಾಸಕ್ತಿಯ ದೃಷ್ಟಿಯಿಂದ ಮೂರನೆಯ ಸಾಧ್ಯತೆ ಹೆಚ್ಚು ಮುಖ್ಯ: ಹೇಗೂ ಫಲಿತಾಂಶ ತೀರ್ಮಾನವಾಗಿದೆ, ಬಿಸಿಲಿನಲ್ಲಿ ಸಾಲು ನಿಲ್ಲುವುದೇಕೆ ಎಂದು ಎರಡೂ ಕಡೆಯವರು ಮನೆಯಲ್ಲಿ ಉಳಿಯುವುದು. 1980ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮತದಾನ ಮುಗಿಯುವ ಮೊದಲೇ ಜಿಮ್ಮಿ ಕಾರ್ಟರ್ ಸೋಲೊಪ್ಪಿಕೊಂಡದ್ದು ಅಲ್ಲಿ ಬಹುಕಾಲ ಚರ್ಚೆಗೆ ಕಾರಣವಾಯಿತು. ಕರ್ನಾಟಕದಲ್ಲಿ ಈ ಮನೋಭಾವಕ್ಕೆ ಉತ್ತರವಾಗಿ ಶಾಲೆಗಳಲ್ಲಿ ಹೇಳುವುದು 2004ರ ಸಂತೇಮರಹಳ್ಳಿಯ ಫಲಿತಾಂಶ. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಇಪ್ಪತ್ತು ವರ್ಷ ಹಿಂದಿನ ಮಾತಾಯಿತೆನ್ನುವವರಿಗೆ 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರ 16 ಮತಗಳಲ್ಲಿ ಇತ್ಯರ್ಥವಾದದ್ದನ್ನು ನೆನಪಿಸಬಹುದು.

ಮತದಾನ ಮುಗಿದ ಮೇಲೆ ಎಣಿಕೆಯವರೆಗೆ ಹಳ್ಳಿಗಳಲ್ಲಿ ನಡೆಯುವ ಕಟ್ಟೆಯ ಲೆಕ್ಕಾಚಾರಗಳೂ ಒಂದು ಬಗೆಯ ಸಮೀಕ್ಷೆಯೇ. ಯಾವ ಓಣಿ ಯಾರಿಗೆ, ಯಾವ ಮತಗಟ್ಟೆಯಲ್ಲಿ ಎಷ್ಟು ಎಂಬ ಈ ಲೆಕ್ಕ ಒಂದು ಊರಿನ ಮಟ್ಟಿಗೆ ಬಹುಪಾಲು ಸರಿಯಾಗಿರುತ್ತದೆ. ಪಕ್ಕದ ಊರಿನದು ಗೊತ್ತಿರುವುದಿಲ್ಲ. ಇದರ ಮೇಲೆ ಬಾಜಿ ಕಟ್ಟುವುದು ಕಾನೂನಿಗೆ ವಿರುದ್ಧ.

ಕಾನೂನು

1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೆಯ ಪ್ರಕರಣದ ಪ್ರಕಾರ ಮತದಾನ ಮುಗಿಯುವ ಮುಂಚಿನ 48 ಗಂಟೆಗಳಲ್ಲಿ ದೂರದರ್ಶನ ಮತ್ತಿತರ ದೃಶ್ಯಮಾಧ್ಯಮಗಳಲ್ಲಿ ಚುನಾವಣಾ ವಿಷಯವನ್ನು ಪ್ರದರ್ಶಿಸುವಂತಿಲ್ಲ. ಜನಾಭಿಪ್ರಾಯ ಸಮೀಕ್ಷೆಯ ಫಲಿತಾಂಶವೂ ಇದರಲ್ಲಿ ಸೇರುತ್ತದೆ. ಮುದ್ರಿತ ಪತ್ರಿಕೆಗೆ ಈ ನಿಷೇಧ ಇಲ್ಲ. ಮತಗಟ್ಟೆ ಸಮೀಕ್ಷೆಗೆ ಸಂಬಂಧಿಸಿದ 126ಎ ಪ್ರಕರಣವನ್ನು 2009ರ ತಿದ್ದುಪಡಿಯಿಂದ ಸೇರಿಸಲಾಯಿತು. ಅದರಂತೆ ಮೊದಲ ಹಂತದ ಮತದಾನ ಆರಂಭವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯಾಗುವವರೆಗೆ ಅಂಥ ಸಮೀಕ್ಷೆಯನ್ನು ನಡೆಸುವುದೂ ಪ್ರಕಟಿಸುವುದೂ ಅಪರಾಧ. ಎರಡು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದಕ್ಕೂ ಮೊದಲು, 1998ರಲ್ಲಿ, ಚುನಾವಣಾ ಆಯೋಗ ಮಾರ್ಗಸೂಚಿಯ ಮೂಲಕವೇ ಪ್ರಕಟಣೆಯನ್ನು ತಡೆಯಲು ಹೊರಟಿತ್ತು. ಕಾನೂನಿನ ಬೆಂಬಲವಿಲ್ಲದ ಮಾರ್ಗಸೂಚಿಯ ಬಗ್ಗೆ 1999ರಲ್ಲಿ ಸುಪ್ರೀಂ ಕೋರ್ಟ್ ಪ್ರಶ್ನೆ ಎತ್ತಿದ ಮೇಲೆ ಅದನ್ನು ಹಿಂತೆಗೆದುಕೊಂಡಿತು.

ನಿರಾಸಕ್ತಿ ಎಂಬ ಪದದ ವ್ಯಾಪ್ತಿ

ಮತದಾನದ ಪ್ರಮಾಣ ಕಡಿಮೆಯಾದಲ್ಲೆಲ್ಲ ಜನ ನಿರಾಸಕ್ತರು ಎಂದು ಹೇಳುವುದು ವಾಡಿಕೆ. ಈ ಪದವು ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ.

ನಗರದ ಉದಾಸೀನ ಮೊದಲನೆಯದು. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಸರಾಸರಿ ಶೇ 70.64 ಇದ್ದಾಗ ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ 53 ಮಾತ್ರ ಮತದಾನವಾಯಿತು. ಮಂಡ್ಯದಲ್ಲಿ ಶೇ 81ಕ್ಕಿಂತ ಹೆಚ್ಚು, ಮಸ್ಕಿ ಸೇರಿದ ಕೊಪ್ಪಳದಲ್ಲಿ ಸುಮಾರು ಶೇ 71. ಸಾಕ್ಷರತೆಯಲ್ಲಿ ರಾಜ್ಯದಲ್ಲೇ ಹಿಂದುಳಿದ ಜಿಲ್ಲೆಗಳ ಜನ ಮತಗಟ್ಟೆಗೆ ಬರುತ್ತಾರೆ, ಓದಿದವರ ನಗರ ಬರುವುದಿಲ್ಲ ಎಂಬುದು ಪಾಠ ಹೇಳಿದವರಿಗೆಲ್ಲ ಸ್ವಲ್ಪ ಮುಜುಗರದ ಸಂಗತಿ.

ಎರಡನೆಯದು ಪಟ್ಟಿಯ ದೋಷ. ತೀರಿಕೊಂಡವರು, ಮದುವೆಯಾಗಿ ಹೋದವರು, ಎರಡು ಕಡೆ ಹೆಸರಿರುವವರು ಪಟ್ಟಿಯಲ್ಲಿ ಉಳಿದಷ್ಟೂ ಶೇಕಡಾವಾರು ಪ್ರಮಾಣ ತಗ್ಗುತ್ತದೆ. ಇದನ್ನು ತಿದ್ದುವ ಕೆಲಸ ಮತಗಟ್ಟೆ ಮಟ್ಟದ ಅಧಿಕಾರಿಗಳದು. ಬಿಎಲ್‌ಒ ಎಂದು ಕರೆಯಲ್ಪಡುವ ಇವರು ಬಹುಪಾಲು ಶಾಲಾ ಶಿಕ್ಷಕರು ಅಥವಾ ಅಂಗನವಾಡಿ ಕಾರ್ಯಕರ್ತೆಯರು. ಬಾಗಿಲಿಂದ ಬಾಗಿಲಿಗೆ ನಡೆಯುವ ಅವರಿಗೆ ಬೀಗ ಹಾಕಿದ ಮನೆಗಳು ಯಾವ ತಿಂಗಳಲ್ಲಿ ಹೆಚ್ಚುತ್ತವೆ ಎಂಬುದು ಯಾವ ಸಮೀಕ್ಷಾ ಸಂಸ್ಥೆಗಿಂತಲೂ ಚೆನ್ನಾಗಿ ಗೊತ್ತು.

ಆ ಬೀಗಗಳೇ ಮೂರನೆಯ ಸಂಗತಿ: ಗುಳೆ. ಹಿಂಗಾರು ಕೈಕೊಟ್ಟ ಮೇಲೆ, ಒಣಭೂಮಿಯ ಹಳ್ಳಿ ಮತ್ತು ತಾಂಡಾಗಳಿಂದ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಗೋವಾ ಮತ್ತು ಮಹಾರಾಷ್ಟ್ರದ ಕೂಲಿಗೆ, ಕಬ್ಬು ಕಡಿಯುವುದಕ್ಕೆ ಹೊರಡುತ್ತವೆ. ಮನೆಯಲ್ಲಿ ಮುದುಕರು, ಕೆಲವೊಮ್ಮೆ ಶಾಲೆ ಬಿಡಿಸಲಾಗದ ಮಕ್ಕಳು ಉಳಿಯುತ್ತಾರೆ. ಕರ್ನಾಟಕದ ಇತ್ತೀಚಿನ ವಿಧಾನಸಭಾ ಮತ್ತು ಲೋಕಸಭಾ ಚುನಾವಣೆಗಳು ಏಪ್ರಿಲ್–ಮೇ ತಿಂಗಳುಗಳಲ್ಲೇ ಬಂದಿವೆ, ಗುಳೆಯ ಕಾಲವೂ ಅದೇ. ಮತದಾರರ ಪಟ್ಟಿಯಿಂದ ಆಯ್ದ ಹೆಸರು ಹಿಡಿದು ಬಂದ ಸಮೀಕ್ಷಕನಿಗೆ ಆ ವ್ಯಕ್ತಿ ಸಿಗುವುದಿಲ್ಲ. ಅವನು ಮುಂದಿನ ಮನೆಗೆ ಹೋಗುತ್ತಾನೆ. ಹೀಗೆ ಸಮೀಕ್ಷೆಯಲ್ಲಿ ಉಳಿದವರ ಧ್ವನಿ ದುಪ್ಪಟ್ಟಾಗುತ್ತದೆ, ಹೋದವರದು ಇಲ್ಲವಾಗುತ್ತದೆ. ಮತದಾನದ ದಿನ ಹೋದವರು ಮರಳಿದರೆ ಸಮೀಕ್ಷೆ ಸುಳ್ಳಾಗುತ್ತದೆ, ಮರಳದಿದ್ದರೆ ಅವರನ್ನು ನಿರಾಸಕ್ತರ ಲೆಕ್ಕಕ್ಕೆ ಬರೆಯಲಾಗುತ್ತದೆ.

ಮರಳುವುದು ಸುಲಭವಲ್ಲ. ಕಾಯ್ದೆಯ 135ಬಿ ಪ್ರಕರಣವು ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕೆನ್ನುತ್ತದೆ. ಆದರೆ ಗೋವೆಯಿಂದ ಮಸ್ಕಿಗೆ ಬಂದು ಹೋಗಲು ಒಂದು ದಿನ ಸಾಲದು, ಬಸ್ಸಿನ ಖರ್ಚನ್ನು ಆ ಪ್ರಕರಣ ಕೊಡುವುದಿಲ್ಲ, ಮೇಸ್ತ್ರಿಯ ಕೈಯಲ್ಲಿ ಮುಂಗಡ ಪಡೆದವನು ರಜೆ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಅಭ್ಯರ್ಥಿಯೇ ವಾಹನ ಮಾಡಿ ಮತದಾರರನ್ನು ಕರೆತಂದರೆ ಅದು 123ನೆಯ ಪ್ರಕರಣದ ಪ್ರಕಾರ ಭ್ರಷ್ಟ ಆಚರಣೆ. ಹೀಗೆ ಸ್ವಂತ ಹಣವಿಲ್ಲದೆ, ಪರರ ಹಣವನ್ನೂ ಮುಟ್ಟದೆ ಮತ ಹಾಕಬೇಕೆಂದಿರುವ ಗುಳೆಯ ಕೂಲಿಯವನಿಗೆ ಕಾನೂನು ಯಾವ ದಾರಿಯನ್ನೂ ತೋರಿಸಿಲ್ಲ. ಅವನನ್ನು ನಿರಾಸಕ್ತ ಎನ್ನುವುದು ನ್ಯಾಯವಲ್ಲ.

ನಾಲ್ಕನೆಯದು ಬಹಿಷ್ಕಾರ, ಇದಂತೂ ಆಸಕ್ತಿಯ ತುತ್ತತುದಿ. ಮಸ್ಕಿ ಉಪಚುನಾವಣೆಗೆ ಮುಂಚಿನ ತಿಂಗಳುಗಳಲ್ಲಿ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಯೋಜನೆಗಾಗಿ ದೀರ್ಘಕಾಲ ಧರಣಿ ಕುಳಿತರು. ಸರ್ಕಾರ ಪರ್ಯಾಯವಾಗಿ ನಂದವಾಡಗಿ ಏತ ನೀರಾವರಿಯನ್ನು ಮುಂದಿಟ್ಟಿತು. ಹರಿಯುವ ಕಾಲುವೆಯ ನೀರೇ ಬೇಕೆಂಬುದು ಧರಣಿನಿರತರ ಪಟ್ಟು. ಮತದಾನ ಬಹಿಷ್ಕಾರದ ಎಚ್ಚರಿಕೆಯೂ ಕೇಳಿಬಂದಿತು. ಕೊನೆಗೆ ಉಪಚುನಾವಣೆಯಲ್ಲಿ ಸುಮಾರು ಶೇ 70ರಷ್ಟು ಮತದಾನವಾಯಿತು. ಅದೇ ದಿನ ಮತದಾನ ನಡೆದ ಬೆಳಗಾವಿ ಲೋಕಸಭಾ ಮತ್ತು ಬಸವಕಲ್ಯಾಣ ವಿಧಾನಸಭಾ ಕ್ಷೇತ್ರಗಳ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಕೊರೊನಾದ ಎರಡನೆಯ ಅಲೆ ಏರುತ್ತಿದ್ದ ವಾರದಲ್ಲಿ ಇಷ್ಟು ಜನ ಸಾಲುಗಟ್ಟಿದರು. ಬಹಿಷ್ಕಾರದ ಮಾತಾಡುವ ಊರನ್ನು ಸಮೀಕ್ಷಕರು ‘ಮತ ಹಾಕುವುದಿಲ್ಲ’ ಎಂಬ ಕೋಷ್ಟಕಕ್ಕೆ ಸೇರಿಸಿದರೆ ಆಗುವ ಪ್ರಮಾದ ಎಂಥದು ಎಂಬುದನ್ನು ಈ ಅಂಕಿ ತೋರಿಸುತ್ತದೆ.

ಯಾರೂ ಬೇಡ ಎನ್ನುವವರಿಗೆ ಈಗ ‘ನೋಟಾ’ ಇದೆ. ಸುಪ್ರೀಂ ಕೋರ್ಟಿನ 2013ರ ಸೆಪ್ಟೆಂಬರ್ 27ರ ತೀರ್ಪಿನಿಂದ ಬಂದ ಈ ಗುಂಡಿಯನ್ನು ಕರ್ನಾಟಕದ ಮತದಾರರು ವಿಧಾನಸಭಾ ಸಾರ್ವತ್ರಿಕ ಚುನಾವಣೆಯಲ್ಲಿ ಮೊದಲ ಬಾರಿಗೆ ಕಂಡದ್ದು 2018ರಲ್ಲಿ. ಅದಕ್ಕೆ ಎಷ್ಟು ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಪಡೆದವರೇ ಗೆದ್ದಂತೆ.

ಪರಿಹಾರದ ಪ್ರಯತ್ನಗಳು

ಚುನಾವಣಾ ಆಯೋಗವು ‘ಸ್ವೀಪ್’ ಎಂಬ ಮತದಾರರ ಜಾಗೃತಿ ಕಾರ್ಯಕ್ರಮವನ್ನು ನಡೆಸುತ್ತಿದೆ. 2011ರಿಂದ ಜನವರಿ 25ನ್ನು ರಾಷ್ಟ್ರೀಯ ಮತದಾರರ ದಿನವಾಗಿ ಆಚರಿಸಲಾಗುತ್ತಿದೆ. ಜಾಥಾ, ರಂಗೋಲಿ, ಪ್ರತಿಜ್ಞಾವಿಧಿಗಳು ಊರಿನಲ್ಲಿ ಇರುವವರನ್ನು ತಲುಪುತ್ತವೆ. 2023ರ ಕರ್ನಾಟಕ ಚುನಾವಣೆಯಲ್ಲಿ 80 ವರ್ಷ ಮೀರಿದವರಿಗೂ ಅಂಗವಿಕಲರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಕಲ್ಪಿಸಲಾಯಿತು; 2024ರಲ್ಲಿ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತು.

ವಲಸೆ ಹೋದವರಿಗಾಗಿ ಆಯೋಗ 2022ರ ಡಿಸೆಂಬರಿನಲ್ಲಿ ದೂರಸ್ಥ ಮತಯಂತ್ರದ ಮಾದರಿಯೊಂದನ್ನು ಪ್ರಕಟಿಸಿತು. ಒಂದೇ ಯಂತ್ರದಿಂದ 72 ಕ್ಷೇತ್ರಗಳವರೆಗಿನ ಮತದಾರರು ತಾವಿರುವ ಊರಿನಲ್ಲೇ ತಮ್ಮ ತವರು ಕ್ಷೇತ್ರಕ್ಕೆ ಮತ ಹಾಕಬಹುದೆಂಬುದು ಅದರ ಆಲೋಚನೆ. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 30 ಕೋಟಿ ಮತದಾರರು ಮತ ಹಾಕಿರಲಿಲ್ಲ ಎಂಬುದನ್ನು ಆಯೋಗ ಇದಕ್ಕೆ ಕಾರಣವಾಗಿ ಹೇಳಿತ್ತು. 2023ರ ಜನವರಿ 16ರಂದು ರಾಜಕೀಯ ಪಕ್ಷಗಳ ಮುಂದೆ ಪ್ರದರ್ಶನಕ್ಕೆ ಕರೆದಾಗ ಹಲವು ವಿರೋಧ ಪಕ್ಷಗಳು ಆಕ್ಷೇಪ ಎತ್ತಿದವು: ವಲಸಿಗರೆಂದರೆ ಯಾರು, ಅವರ ಪಟ್ಟಿ ಯಾರ ಬಳಿ ಇದೆ, ದೂರದ ಮತಗಟ್ಟೆಯಲ್ಲಿ ಏಜೆಂಟರು ಯಾರು ಕೂರುತ್ತಾರೆ? 2024ರ ಲೋಕಸಭಾ ಚುನಾವಣೆಯಲ್ಲಿ ಈ ಯಂತ್ರವನ್ನು ಬಳಸಲಿಲ್ಲ. ಮೇ 7ರಂದು ಕೊಪ್ಪಳ ಮತ್ತು ರಾಯಚೂರು ಕ್ಷೇತ್ರಗಳಿಗೆ ಮತದಾನ ನಡೆದಾಗ ಗುಳೆ ಹೋದವರಲ್ಲಿ ಮತ ಹಾಕಬೇಕೆಂದವರು ಎಂದಿನಂತೆ ಊರಿಗೇ ಬರಬೇಕಾಯಿತು.